ಘಟ್ಟ ಹತ್ತುವ ಮುನ್ನ ಒಂದು ರಾತ್ರಿ

ಬಾವಿಯಲ್ಲಿ ಈಜು ಕಲಿತವರು ಸ್ಕೂಬಾಕ್ಕೆ ಬಂದರೆ ಮೊದಲು ಬಿಡಬೇಕಾದ ಚಾಳಿ ಉಸಿರು ಕಟ್ಟುವುದು. ದೊಡ್ಡಬಳ್ಳಾಪುರ ಸೀಮೆಯ ನಮ್ಮ ರಾಜಘಟ್ಟದ ಕಡೆ ಐವತ್ತು ದಾಟಿದ ಗಂಡಸರಲ್ಲಿ ಬಹುಪಾಲು ಮಂದಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಗೆ ಬಿದ್ದವರೇ. ತಳ ಮುಟ್ಟಿ ಒಂದು ಹಿಡಿ ಕೆಸರು ತಂದು ತೋರಿಸಿದವನಿಗೆ ಆ ದಿನ ಭಾರೀ ಮರ್ಯಾದೆ. ಬೋರ್‌ವೆಲ್ ಬಂತು, ಬಾವಿ ಬತ್ತಿತು, ಮುಳುಗುವ ಗೀಳು ಮಾತ್ರ ನನ್ನಂಥ ಕೆಲವರಲ್ಲಿ ಉಳಿದುಬಿಟ್ಟಿತು. ಸ್ಕೂಬಾ ಪಾಠದ ಮೊದಲ ನಿಯಮ ಈ ಬಾವಿ ವಿದ್ಯೆಗೆ ತದ್ವಿರುದ್ಧ: ಉಸಿರಾಡುತ್ತಲೇ ಇರಬೇಕು, ಎಂದೂ ಹಿಡಿಯಬಾರದು. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ಎಳೆದ ಗಾಳಿಯನ್ನು ಎದೆಯಲ್ಲಿ ಕಟ್ಟಿಕೊಂಡು ಮೇಲೆ ಬಂದರೆ ಅದು ಇಮ್ಮಡಿಯಾಗಿ ಹಿಗ್ಗಿ ಶ್ವಾಸಕೋಶವನ್ನೇ ಹರಿದುಹಾಕಬಹುದು. ಬಾವಿಯಲ್ಲಿ ಈ ಭಯವಿರಲಿಲ್ಲ. ದಡದ ಮೇಲೆ ಎಳೆದುಕೊಂಡ ಉಸಿರು ಕೆಳಗೆ ಹೋದಾಗ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಅಷ್ಟೇ.

ಊರಿನ ಹಿರಿಯರೊಬ್ಬರಿಗೆ ಇದನ್ನೆಲ್ಲ ಅರಳಿಕಟ್ಟೆಯ ಮೇಲೆ ಕೂತು ವಿವರಿಸಿದೆ. ಎಲೆಅಡಿಕೆ ಉಗಿದು ಬಂದು ಹೇಳಿದರು, "ಎಲ್ಲಾ ಸರಿ ಕಣಪ್ಪಾ. ನಾವು ಪುಕ್ಸಟ್ಟೆ ಮುಳುಗ್ತಿದ್ವಿ. ನೀನು ದುಡ್ ಕೊಟ್ಟು ಮುಳುಗಾಕೆ ಅಷ್ಟು ದೂರ ಹೋಯ್ತೀಯಲ್ಲ, ಅದೇ ತಿಳೀವಲ್ದು."

ಅಷ್ಟು ದೂರ ಎಂದರೆ ನಾನೂರು ಚಿಲ್ಲರೆ ಕಿಲೋಮೀಟರ್. ದೊಡ್ಡಬಳ್ಳಾಪುರ ದಾಟಿ ದಾಬಸ್‌ಪೇಟೆಯಲ್ಲಿ ಹೆದ್ದಾರಿ ಹಿಡಿದು ತುಮಕೂರು, ಶಿವಮೊಗ್ಗ, ಸಾಗರ, ಆಮೇಲೆ ಗೇರುಸೊಪ್ಪ ಘಾಟಿ ಇಳಿದರೆ ಹೊನ್ನಾವರ, ಅಲ್ಲಿಂದ ಮುರುಡೇಶ್ವರ. ಅಲ್ಲಿಗೂ ಮುಗಿಯಲಿಲ್ಲ. ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್, ಹತ್ತಿರ ಹತ್ತಿರ ಒಂದೂವರೆ ಗಂಟೆ. ಹೊಟ್ಟೆ ತೊಳಸುವವರಿಗೆ ನನ್ನ ಸಲಹೆ ಎರಡು ಇಡ್ಲಿ, ಒಂದು ಚೂರು ಶುಂಠಿ. ಮೊಬೈಲು ನೋಡದೆ ದಿಗಂತ ನೋಡುತ್ತ ಕೂರುವುದು. ಖಾಲಿ ಹೊಟ್ಟೆಯಲ್ಲಿ ಹತ್ತುವ ಶೂರರೇ ಮೊದಲು ದೋಣಿಯಂಚಿಗೆ ಓಡುವವರು.

ನೇತ್ರಾಣಿಯನ್ನು ಈಗ ಯಾರಿಗೂ ಪರಿಚಯಿಸಬೇಕಾಗಿಲ್ಲ. ಪುನೀತ್ ರಾಜ್‌ಕುಮಾರ್ ನಿರ್ದೇಶಕ ಅಮೋಘವರ್ಷ ಅವರ ಜೊತೆ ಅಲ್ಲಿ ನೀರಿಗಿಳಿದದ್ದನ್ನು 2022ರ ಅಕ್ಟೋಬರಿನಲ್ಲಿ ತೆರೆಕಂಡ 'ಗಂಧದಗುಡಿ'ಯಲ್ಲಿ ನಾಡೇ ನೋಡಿತು. ಅದಕ್ಕೂ ಮೊದಲು ನೌಕಾಪಡೆ ಗುರಿಯಭ್ಯಾಸಕ್ಕೆ ಬಳಸಿಕೊಂಡ ದ್ವೀಪವೆಂದೇ ಅದು ಸುದ್ದಿಯಲ್ಲಿದ್ದದ್ದು. ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಕೂತಿರುತ್ತದೆ. ಮುಳುಗುವವರು ದ್ವೀಪದ ಮೇಲೆ ಕಾಲಿಡುವುದಿಲ್ಲ. ದೋಣಿ ಲಂಗರು ಹಾಕಿದ ಕಡೆಯಿಂದಲೇ ನೀರಿಗೆ.

ಕೆಳಗೆ ದೊಡ್ಡ ದೊಡ್ಡ ಬಂಡೆಗಳು, ಅವುಗಳ ಮೈಮೇಲೆ ಹವಳ. ಗಿಳಿಮೀನು ಹವಳವನ್ನು ಕಟಕಟ ಕಡಿಯುವ ಸದ್ದು ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಚಿಟ್ಟೆಮೀನು ಜೋಡಿಯಾಗಿ ಓಡಾಡುತ್ತವೆ. ಬಂಡೆಯ ಬಿರುಕಿನಿಂದ ಮೊರೆ ಈಲ್ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಹೊಸಬರು ಅದು ಕಚ್ಚಲು ಬರುತ್ತಿದೆಯೆಂದು ಹಿಂದೆ ಸರಿಯುತ್ತಾರೆ. ಅದು ಕಿವಿರಿಗೆ ನೀರು ಹಾಯಿಸಿಕೊಂಡು ಉಸಿರಾಡುತ್ತಿದೆ, ಅಷ್ಟೇ. ಹತ್ತು ನಿಮಿಷ ಅಲ್ಲಾಡದೆ ಎದುರು ನಿಂತರೆ ಪುಟ್ಟ ನೀಲಿ ಪಟ್ಟೆಯ ಕ್ಲೀನರ್ ರಾಸ್ ಮೀನು ಬಂದು ಆ ಈಲಿನ ದವಡೆಯ ಒಳಗೇ ನುಗ್ಗಿ ಹಲ್ಲಿನ ಸಂದಿಯಲ್ಲಿರುವುದನ್ನು ಹೆಕ್ಕಿ ತಿನ್ನುವುದು ಕಾಣುತ್ತದೆ. ಈಲು ಬಾಯಿ ಅಗಲಿಸಿಕೊಂಡು ಸುಮ್ಮನಿರುತ್ತದೆ. ನನ್ನ ಮಟ್ಟಿಗೆ ನೇತ್ರಾಣಿ ಎಂದರೆ ಇದು. ಆಮೆ, ತಿಮಿಂಗಿಲ ಶಾರ್ಕ್ ಕಂಡರೆ ಅದೃಷ್ಟ. ಅವನ್ನೇ ಹುಡುಕಿಕೊಂಡು ರೆಕ್ಕೆಬೂಟು ಬಡಿಯುತ್ತ ದ್ವೀಪ ಸುತ್ತುವವರಿಗೆ ಸಿಗುವುದು ಖಾಲಿ ಸಿಲಿಂಡರು.

ಕ್ಯಾಮೆರಾದ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರಿ. ನೀರಿನಲ್ಲಿ ಮೇಲಕ್ಕೂ ಹೋಗದೆ ಕೆಳಕ್ಕೂ ಕುಸಿಯದೆ ಉಸಿರಿನಿಂದಲೇ ತೂಗಿಕೊಂಡು ನಿಲ್ಲುವುದು ಬರುವ ತನಕ ಕ್ಯಾಮೆರಾ ದಡದಲ್ಲಿರಲಿ. ಬಾರದವನು ಹವಳ ಹಿಡಿದುಕೊಂಡು ಫೋಟೊ ತೆಗೆಯುತ್ತಾನೆ. ವರ್ಷಗಟ್ಟಲೆ ಬೆಳೆದ ಗೆಲ್ಲು ಅವನ ಮೊಣಕಾಲಿಗೆ ಮುರಿಯುತ್ತದೆ. ಹವಳವೂ ತಿಮಿಂಗಿಲ ಶಾರ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಒಂದು ತುಂಡು ಜೇಬಿಗಿಳಿಸಿದರೂ ಅಪರಾಧವೇ.

ಮೊದಲ ಸಲ ತೆಗೆದವರ ಫೋಟೊಗಳಲ್ಲಿ ಎರಡೇ ಬಗೆ: ಮೀನಿನ ಬಾಲ, ಇಲ್ಲವೇ ನೀಲಿ ಗೋಡೆ. ಬಾಲಕ್ಕೆ ಕಾರಣ ಅಟ್ಟಿಸಿಕೊಂಡು ಹೋಗುವುದು. ಅದರ ಓಡಾಟದ ದಾರಿಯಲ್ಲಿ ಮೊದಲೇ ಹೋಗಿ ತೆಪ್ಪಗಿದ್ದರೆ ಮೀನೇ ಮುಖ ತೋರಿಸುತ್ತದೆ. ನೀಲಿಗೆ ಕಾರಣ ನೀರು. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು. ಊರ ಗುಡಿಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ನನ್ನ ಮಣಿಕಟ್ಟಿನಲ್ಲಿ ಐದು ಮೀಟರಿನಲ್ಲೇ ಮಂಕಾಗಿರುತ್ತದೆ, ಹದಿನೈದಕ್ಕೆ ಕಪ್ಪು. ಟಾರ್ಚ್ ಹಾಯಿಸಿದರೆ ಥಟ್ಟನೆ ಕೆಂಪಗೆ ಹೊತ್ತಿಕೊಳ್ಳುತ್ತದೆ. ಹವಳವೂ ಹಾಗೇ. ಅದಕ್ಕೇ ನೀರಿನೊಳಗಿನ ಫೋಟೊಗೆ ನಮ್ಮದೇ ಬೆಳಕು ಒಯ್ಯಬೇಕು. 1926ರಲ್ಲಿ ಫ್ಲಾರಿಡಾದ ಡ್ರೈ ಟೋರ್ಟುಗಾಸ್‌ನಲ್ಲಿ ಲಾಂಗ್ಲಿ ಮತ್ತು ಮಾರ್ಟಿನ್ ಮೊದಲ ಬಾರಿಗೆ ನೀರಿನಡಿಯ ಬಣ್ಣದ ಚಿತ್ರ ತೆಗೆದಾಗ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಬೇಕಾಯಿತು. ನಮಗೆ ಅಂಗೈಯಗಲದ ಸ್ಟ್ರೋಬ್ ಸಾಕು. ಆದರೆ ಅದನ್ನು ಲೆನ್ಸಿನ ಪಕ್ಕದಲ್ಲೇ ಹಿಡಿದರೆ ನೀರಿನ ಕಸವೆಲ್ಲ ಬಿಳಿ ಚುಕ್ಕಿಯಾಗಿ ಮೂಡುತ್ತದೆ. ತೋಳು ಅಗಲಿಸಿ ಬದಿಯಿಂದ ಬೆಳಕು ಬಿಡಬೇಕು. ಮತ್ತೆ, ಹತ್ತಿರ ಹೋಗಬೇಕು. ಮಾಸ್ಕಿನ ಗಾಜಿನಲ್ಲಿ ಎಲ್ಲವೂ ಕಾಲುಭಾಗ ಹತ್ತಿರ ಕಾಣುವುದರಿಂದ, ಸಾಕಷ್ಟು ಹತ್ತಿರ ಬಂದೆ ಅನ್ನಿಸಿದಾಗ ಇನ್ನೂ ಬಂದಿರುವುದಿಲ್ಲ.

ಇನ್ನೊಂದು ಮಾತು: ಕ್ಯಾಮೆರಾದ ಜಲನಿರೋಧಕ ಕವಚವನ್ನು (ಹೌಸಿಂಗ್) ಹಿಂದಿನ ರಾತ್ರಿ ಕೋಣೆಯಲ್ಲೇ ಮುಚ್ಚಿ. ಅದರ ರಬ್ಬರ್ ಓ-ರಿಂಗ್ ಮೇಲೆ ತಲೆಗೂದಲೊಂದು ಅಡ್ಡ ಬಿದ್ದಿದ್ದರೂ ನೀರು ನುಗ್ಗುತ್ತದೆ. ಕುಲುಕಾಡುವ ದೋಣಿಯಲ್ಲಿ, ಒದ್ದೆ ಕೈಯಲ್ಲಿ ಅದನ್ನು ನೋಡುವವರಾರು?

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಎರಡು ಸಲ ಮುಳುಗಿ, ಅದೇ ಸಂಜೆ ಕಾರು ಹತ್ತಿ ಮರಳುವ ಗುಂಪುಗಳನ್ನು ನೋಡುತ್ತೇನೆ. ಸಾಹಸದ ಮೇಲೆ ಸಾಹಸ ಎಂದುಕೊಂಡಿರುತ್ತಾರೆ. ಆಳದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂತಿರುತ್ತದೆ. ಹೊರಬರಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಹೊರಗಿನ ಒತ್ತಡ ತಗ್ಗಿದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಲಕ್ವದ ತನಕ ಅದರ ಪರಿಣಾಮ. ವಿಮಾನ ಹತ್ತಬಾರದು ಎಂಬುದು ಎಲ್ಲರಿಗೂ ಗೊತ್ತು. ಒಂದೇ ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲವಾದರೆ 18 ಗಂಟೆ ಕಾಯಬೇಕೆಂಬುದು ಡೈವರ್‌ಗಳ ಸುರಕ್ಷತಾ ಸಂಸ್ಥೆ 'ಡ್ಯಾನ್' ಹೇಳುವ ಕನಿಷ್ಠ ಲೆಕ್ಕ. ಆದರೆ ಆ ಲೆಕ್ಕ ಅನ್ವಯವಾಗುವುದು ಸುಮಾರು 600 ಮೀಟರ್ ಎತ್ತರದಿಂದಲೇ. ನಮ್ಮ ದೊಡ್ಡಬಳ್ಳಾಪುರ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ರಸ್ತೆಯಲ್ಲಿ ಹತ್ತಿದರೂ ಎತ್ತರ ಎತ್ತರವೇ. ಬಯಲುಸೀಮೆಯ ಡೈವರ್‌ಗೆ ಮನೆಗೆ ಹೋಗುವುದೂ ಒಂದು ಏರುವಿಕೆ ಎಂದು ನಮ್ಮಲ್ಲಿ ಹೇಳುವವರು ಕಡಿಮೆ.

ಹಾಗಾಗಿ ಶನಿವಾರ ಮಧ್ಯಾಹ್ನ 12ಕ್ಕೆ ನೀರಿನಿಂದ ಎದ್ದವರು ಭಾನುವಾರ ಬೆಳಿಗ್ಗೆ 6ರ ತನಕ ಕರಾವಳಿಯಲ್ಲೇ ಇರಬೇಕು. ಈ ಕಡ್ಡಾಯ ರಜೆ ಇಡೀ ಹವ್ಯಾಸದ ಅತ್ಯುತ್ತಮ ಭಾಗ ಎನ್ನುವುದು ನನ್ನ ಅಭಿಪ್ರಾಯ. ಹೆಂಡತಿ ಮಕ್ಕಳನ್ನು ಬಿಟ್ಟು ಮುಳುಗಲು ಹೋದವನೆಂಬ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಜವಾಬಿಲ್ಲ. ನಾನು ನೇತ್ರಾಣಿಯಲ್ಲಿರುವಾಗ ಮನೆಯವರು ಮುರುಡೇಶ್ವರದ ಗೋಪುರದಲ್ಲಿ ಲಿಫ್ಟ್ ಹತ್ತಿ 123 ಅಡಿಯ ಶಿವನನ್ನು ಮೇಲಿನಿಂದ ನೋಡಿರುತ್ತಾರೆ. ಮಧ್ಯಾಹ್ನದ ಮೇಲೆ ಎಲ್ಲರೂ ಒಟ್ಟಿಗೆ. ಇಡಗುಂಜಿಗೆ ಹೋಗಿ ಗಣಪತಿಯ ಪಂಚಕಜ್ಜಾಯ, ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆ ದಾರಿಯ ಮೇಲೆ ನಡಿಗೆ, ಸಂಜೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಕಾಸರಕೋಡು ಕಡಲತೀರ. ಯಾವುದೂ ಸಮುದ್ರಮಟ್ಟ ಬಿಟ್ಟು ಮೇಲಿಲ್ಲ. ಭಾನುವಾರ ಬೆಳಿಗ್ಗೆಯೂ ಆತುರ ಬೇಡ. ಗೇರುಸೊಪ್ಪದ ಚತುರ್ಮುಖ ಬಸದಿ ಘಟ್ಟದ ಬುಡದಲ್ಲೇ ಇದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಕಲ್ಲಿನ ಕಟ್ಟಡದ ಮುಂದೆ ಕೂತು, ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಕಥೆ ಮಕ್ಕಳಿಗೆ ಹೇಳಿ ಮುಗಿಸುವಷ್ಟರಲ್ಲಿ ಮೈಯೊಳಗಿನ ಸಾರಜನಕ ಇನ್ನಷ್ಟು ಇಳಿದಿರುತ್ತದೆ.

ಹತ್ತು ತುಂಬಿದ ಮಕ್ಕಳು ಬೋಧಕರ ಜೊತೆ ಮುಳುಗಿ ನೋಡಬಹುದು, ಹನ್ನೆರಡು ಮೀಟರಿನೊಳಗೆ. ಒಲ್ಲೆ ಎಂದ ಮಗುವನ್ನು ಮಾತ್ರ ಒತ್ತಾಯಿಸಬೇಡಿ. ಸ್ನಾರ್ಕೆಲ್ ಹಾಕಿಕೊಂಡು ಮೇಲೆ ತೇಲುತ್ತ ನೋಡಿದ ಗಿಳಿಮೀನೂ ಗಿಳಿಮೀನೇ.

ಮಳೆಗಾಲದಲ್ಲಿ ಕಡಲು ಬಂದ್. ಆಗ ನನ್ನ ಅಭ್ಯಾಸ ರಾಜಘಟ್ಟದ ಕೆರೆ ಏರಿಯ ಮೇಲೆ. ಜೊಂಡಿನ ಮೇಲೆ ಕೂತ ಏರೋಪ್ಲೇನ್ ಚಿಟ್ಟೆಯ ಕಣ್ಣಿಗೆ ಫೋಕಸ್ ಕೂರಿಸುವುದು ಬಂದರೆ ನ್ಯೂಡಿಬ್ರಾಂಕ್ ಎಂಬ ಬೆರಳುದ್ದದ ಬಣ್ಣದ ಹುಳುವಿನಂಥ ಜೀವಿಯ ಫೋಟೊ ಅರ್ಧ ಕಲಿತ ಹಾಗೆ. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್. ಕೃಷ್ಣಮೂರ್ತಿ ಅವರ ತಂಡ ಇದೇ ಊರಿನಲ್ಲಿ ಅಗೆದು ಬೌದ್ಧ ಚೈತ್ಯ, ವಿಹಾರಗಳ ತಳಪಾಯವನ್ನೂ ಜೇಡಿಮಣ್ಣಿನ ಪುಟಾಣಿ ಸ್ತೂಪಗಳನ್ನೂ ಹೊರತೆಗೆಯಿತು. ಅಂಗೈಯಲ್ಲಿ ಅಡಗುವ ವಸ್ತುವಿನ ಮೇಲೆ ಓರೆ ಬೆಳಕು ಬಿಟ್ಟು ನೋಡುವುದು ನಮ್ಮೂರಿಗೆ ಹೊಸತೇನಲ್ಲ.

ಮುರುಡೇಶ್ವರದಲ್ಲಿ ಸೀಸನ್ ಶುರುವಾಗುವುದು ಅಕ್ಟೋಬರಿಗೆ. ಆದರೆ ಹೊಳೆಗಳು ತಂದು ಸುರಿದ ಕೆಸರು ತಿಳಿಯಾಗಲು ಇನ್ನೂ ಸಮಯ ಬೇಕು. ನಾನು ಡಿಸೆಂಬರ್, ಜನವರಿಗೆ ಕಾಯುತ್ತೇನೆ. ದಸರೆಗೆ ಜೋಗದಲ್ಲಿ ನೀರಿರುತ್ತದೆ, ಕ್ರಿಸ್‌ಮಸ್ ರಜೆಗೆ ಕಡಲು ತಿಳಿಯಾಗಿರುತ್ತದೆ. ನಮ್ಮ ಮನೆಯಲ್ಲಿ ಒಪ್ಪಂದವಾಗಿರುವುದು ಹೀಗೆ, ಮೊದಲನೆಯ ರಜೆ ಅವರದು, ಎರಡನೆಯದರ ಅರ್ಧ ದಿನ ನನ್ನದು.