ನಿಸ್ತಂತು ಜಾಲಗಳಲ್ಲಿ ಅವಗೆಂಪು ಕಿರಣ: ಒಂದು ವಿಮರ್ಶೆ

ನಿಸ್ತಂತು ಸ್ಥಳೀಯ ಜಾಲಗಳ ಚರಿತ್ರೆಯನ್ನು ಬೋಧಿಸುವಾಗ ಅವಗೆಂಪು ಕಿರಣದ ಪ್ರಸ್ತಾಪವನ್ನು ಒಂದೆರಡು ಮಾತುಗಳಲ್ಲಿ ಮುಗಿಸುವುದು ವಾಡಿಕೆಯಾಗಿದೆ: ಅದು ಮಂದಗತಿಯದು, ಗೋಡೆಯನ್ನು ದಾಟಲಾರದು, ಆದುದರಿಂದ ರೇಡಿಯೊ ಗೆದ್ದಿತು. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ವೇಗದ ಮಾತು. ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದ ಗ್ಫೆಲ್ಲರ್ ಮತ್ತು ಬಾಪ್ಸ್ಟ್ ಎಂಬವರು, ಕೋಣೆಯ ಗೋಡೆ ಚಾವಣಿಗಳಿಂದ ಚದರಿ ಬರುವ ಅವಗೆಂಪು ಬೆಳಕಿನಿಂದಲೇ ಯಂತ್ರಗಳನ್ನು ಜೋಡಿಸಬಹುದೆಂದು 1979ರಲ್ಲಿ ಪ್ರತಿಪಾದಿಸಿದರು. 1997ರ ಐಇಇಇ 802.11 ಮಾನಕವು ಎರಡು ರೇಡಿಯೊ ವಿಧಾನಗಳೊಡನೆ ಇದಕ್ಕೂ ಸ್ಥಾನವಿತ್ತಿತು. ಮೂರಕ್ಕೂ ಹೇಳಿದ ವೇಗ ಸೆಕೆಂಡಿಗೆ 1 ಮತ್ತು 2 ಮೆಗಾಬಿಟ್. ಹುಟ್ಟಿನಲ್ಲಿ ಸಮಾನವಾಗಿದ್ದುದನ್ನು ಮಂದವೆನ್ನುವುದು ಉಚಿತವಲ್ಲ. 1999ರಲ್ಲಿ ರೇಡಿಯೊ 11 ಮತ್ತು 54 ಮೆಗಾಬಿಟ್‌ಗಳಿಗೆ ಏರಿತು; ಅವಗೆಂಪಿಗೆ ಅಂಥ ಪೋಷಣೆ ದೊರೆಯಲಿಲ್ಲ.

ಇನ್ನು ಗೋಡೆ. ಅದು ಕಿರಣವನ್ನು ತಡೆಯುವುದರಿಂದಲೇ ಪಕ್ಕದ ಕೋಣೆಯವರು ಸಂದೇಶವನ್ನು ಕದ್ದು ಕೇಳಲಾರರು; ಅದೇ ತರಂಗದೂರವನ್ನು ಪ್ರತಿಯೊಂದು ಕೋಣೆಯಲ್ಲಿಯೂ ಮತ್ತೆ ಬಳಸಬಹುದು. ಇದು ದೋಷವೆನ್ನುವುದಕ್ಕಿಂತ ಎಲ್ಲೆ ಎನ್ನುವುದೇ ಲೇಸು.

ಹಾಗಾದರೆ ನಿಜವಾದ ದೌರ್ಬಲ್ಯವೆಲ್ಲಿ? ಅದು ಗ್ರಾಹಕದಲ್ಲಿದೆ. ಬೆಳಕನ್ನು ವಿದ್ಯುತ್ಪ್ರವಾಹವನ್ನಾಗಿ ಪರಿವರ್ತಿಸುವ ಡಯೋಡಿನಲ್ಲಿ ಪ್ರವಾಹವು ಬೆಳಕಿನ ಶಕ್ತಿಗೆ ಅನುಪಾತದಲ್ಲಿರುತ್ತದೆ. ವಿದ್ಯುತ್ಸಂಕೇತದ ಶಕ್ತಿಯಾದರೋ ಪ್ರವಾಹದ ವರ್ಗಕ್ಕೆ. ಆದ್ದರಿಂದ ಬಂದ ಬೆಳಕು ಅರ್ಧವಾದರೆ ಸಂಕೇತವು ಕಾಲುಭಾಗಕ್ಕಿಳಿಯುತ್ತದೆ. ಇತ್ತ ಹಿನ್ನೆಲೆಯ ಬೆಳಕು ಹುಟ್ಟಿಸುವ ಗದ್ದಲವು ಇದ್ದಂತೆಯೇ ಇರುತ್ತದೆ. ಕಡಗಂಚಿಯ ಬೇಸಿಗೆಯಲ್ಲಿ ಕಿಟಕಿ ತೆರೆದ ಪಾಠದ ಕೋಣೆಯನ್ನು ನೆನೆಯೋಣ. ಮಾನಕವು ಆಯ್ದ 850ರಿಂದ 950 ನ್ಯಾನೊಮೀಟರ್ ಕಿರಣಗಳು ಅಲ್ಲಿನ ಬಿಸಿಲಿನಲ್ಲಿಯೂ ಧಾರಾಳವಾಗಿವೆ. ಪ್ರೇಷಕದ ಬೆಳಕನ್ನು ಹೆಚ್ಚಿಸೋಣವೆಂದರೆ ಕಣ್ಣಿನ ಸುರಕ್ಷತೆಯ ಮಿತಿ ಅಡ್ಡಬರುತ್ತದೆ. ಶೋಧಕದಿಂದ ಬಿಸಿಲನ್ನು ಕೆಲಮಟ್ಟಿಗೆ ತಡೆಯಬಹುದಾದರೂ ಅದೇ ತರಂಗದೂರದ ಭಾಗವು ಒಳಬಂದೇ ಬರುತ್ತದೆ.

ದೋಷವನ್ನು ತಪ್ಪಾದ ಸ್ಥಳದಲ್ಲಿ ತೋರಿಸುವ ವಿಮರ್ಶೆಯು ವಿದ್ಯಾರ್ಥಿಯನ್ನು ದಾರಿ ತಪ್ಪಿಸುತ್ತದೆ. ಸೋತಿತೆಂದು ಕೈಬಿಟ್ಟ ಬೆಳಕನ್ನೇ 2023ರ 802.11ಬಿಬಿ ಮಾನಕವು 800ರಿಂದ 1000 ನ್ಯಾನೊಮೀಟರ್ ವ್ಯಾಪ್ತಿಯಲ್ಲಿ ಪುನಃ ಅಂಗೀಕರಿಸಿದೆ. ಬಿಸಿಲಿನ ಪ್ರಶ್ನೆ ಮಾತ್ರ ಅದರೊಡನೆಯೂ ಉಳಿದಿದೆ. ಆದುದರಿಂದ ತೀರ್ಪನ್ನು ಬಾಯಿಪಾಠ ಮಾಡಿಸುವ ಬದಲು, ಒಂದು ಪ್ರೇಷಕ, ಒಂದು ಗ್ರಾಹಕವನ್ನಿತ್ತು, ಕಿಟಕಿಯನ್ನು ಮುಚ್ಚಿ ಒಮ್ಮೆ, ತೆರೆದು ಒಮ್ಮೆ ವಿದ್ಯಾರ್ಥಿಗಳಿಂದಲೇ ಅಳೆಯಿಸುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.