'ಕರ್ವಾಲೊ': ಸೀಸೆಯ ಓತಿ, ತೋಟದ ಓತಿ

ಶ್ರೀ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯ ಕೊನೆಯಲ್ಲಿ ಹಾರುವ ಓತಿ ಕೈಗೆ ಸಿಕ್ಕದೆ ಕಣಿವೆಯತ್ತ ತೇಲಿಹೋಗುವುದನ್ನು ವಿಜ್ಞಾನದ ಸೋಲೆಂದು ಓದುವವರುಂಟು. ಈ ಮತ ಒಪ್ಪತಕ್ಕುದಲ್ಲ. ಮದ್ಯಸಾರದಲ್ಲಿಟ್ಟ ಮಾದರಿಯಿಂದ ಅಂಗರಚನೆಯನ್ನು ಅರಿಯಬಹುದು: ಈ ಓತಿಯ ರೆಕ್ಕೆ ಪಕ್ಷಿಯದರಂತೆ ಮುಂಗಾಲಿನ ಮಾರ್ಪಾಡಲ್ಲ, ನೀಳವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಆದರೆ ಪ್ರಾಣಿಯ ವ್ಯಾಪ್ತಿಯನ್ನು ಸೀಸೆ ಹೇಳದು, ಅದಕ್ಕಂಟಿಸಿದ ಚೀಟಿ ಹೇಳಬೇಕು. ಊರು, ದಿನ ಬರೆಯದ ಮಾದರಿ (ನಮ್ಮ ವೃತ್ತಿಯ ಮಾತಿನಲ್ಲಿ) ಸಾಲಗಾರನ ಹೆಸರಿಲ್ಲದ ಪತ್ರ.

1837ರಲ್ಲಿ ಫ್ರೆಂಚ್ ಪಂಡಿತರಾದ ದ್ಯುಮೆರಿಲ್ ಮತ್ತು ಬಿಬ್ರೊನ್ ನಮ್ಮ ಪಶ್ಚಿಮಘಟ್ಟದ ಓತಿಗೆ ಸಂಗ್ರಾಹಕ ದ್ಯುಸುಮಿಯೇನ ಹೆಸರಿಟ್ಟು 'ಡ್ರಾಕೊ ದುಸುಮಿಯೆರಿ' ಎಂದರು. ಅದನ್ನು ದಿನವೂ ಕಾಣುವ ತೋಟದವನಿಗೆ ಆ ಹೆಸರಿನಲ್ಲಿ ಎಡೆಯಿಲ್ಲ. ತೇಜಸ್ವಿಯವರು ಆ ತೆರವಿನಲ್ಲಿ ಮಂದಣ್ಣನನ್ನು ನಿಲ್ಲಿಸಿದರು. ಓತಿಯನ್ನು ಕಂಡವನು ಅವನು. ಕರ್ವಾಲೊ ಅವನನ್ನು ನೆಚ್ಚಿದುದು ಔದಾರ್ಯದಿಂದಲ್ಲ, ಅಗತ್ಯದಿಂದ. ಮಾದರಿ ತಪ್ಪಿಹೋದರೂ ಚೀಟಿಯ ಬರಹ ಉಳಿಯಿತು.

ಒಂದು ಆಕ್ಷೇಪ ಮಾತ್ರ ಉಳಿಯುತ್ತದೆ. ಓತಿಯನ್ನು ಯುಗಾಂತರದ ಅಪೂರ್ವ ಜೀವಿಯೆಂಬಂತೆ ಚಿತ್ರಿಸಿದುದು ಅತಿಯಾಯಿತು. ನಾಚಾರಂನಲ್ಲಿ ಕುಳಿತು ಓದುವ ನಮಗೆ ಅದು ವಿಚಿತ್ರವೆನಿಸಬಹುದು. ಮಲೆನಾಡಿನ ಅಡಕೆ ತೋಟಗಳಲ್ಲಿ ಇಂದಿಗೂ ಕಾಣಸಿಗುತ್ತದೆ.