ತೂಕಡಿಸುವ ಹುಂಜಕ್ಕೆ ಮೊದಲು ಎರಡು ಪ್ರಶ್ನೆ

ಹುಂಜಕ್ಕೆ ಹುಷಾರಿಲ್ಲ ಎಂದು ಯಾರಾದರೂ ಬಂದರೆ ನಾನು ಮೊದಲು ಅದರ ಕಣ್ಣು, ಉಸಿರು, ಹಿಕ್ಕೆ ಯಾವುದನ್ನೂ ವಿಚಾರಿಸುವುದಿಲ್ಲ. ಎಷ್ಟು ವಾರದ್ದು, ರಾತ್ರಿ ಎಲ್ಲಿ ಮಲಗುತ್ತೆ ಎಂದು ಕೇಳುತ್ತೇನೆ. ಔಷಧಿಯ ಹೆಸರು ಬರೆಸಿಕೊಂಡು ಹೋಗಲು ಬಂದವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಆದರೆ ಕೋಳಿ ತನ್ನ ನೋವನ್ನು ಬಚ್ಚಿಡುವ ಜೀವ. ಸೋತಂತೆ ಕಂಡರೆ ಜೊತೆಯವೇ ಕುಕ್ಕುತ್ತವೆ, ಮೇಲಿನಿಂದ ಹದ್ದು ಗುರಿಯಿಡುತ್ತದೆ. ಇನ್ನು ತಾಳಲಾಗದು ಎಂದಾಗಷ್ಟೇ ಅದು ರೆಕ್ಕೆ ಇಳಿಬಿಟ್ಟು, ಗರಿ ಉಬ್ಬಿಸಿ, ಕಣ್ಣು ಮುಚ್ಚಿ ತೂಕಡಿಸುತ್ತದೆ. ಅಷ್ಟು ಹೊತ್ತಿಗೆ ಹತ್ತು ಕಾಯಿಲೆಗೂ ಮುಖ ಒಂದೇ ಆಗಿರುತ್ತದೆ. ಅವನ್ನು ಬೇರೆ ಬೇರೆ ಮಾಡಿ ತೋರಿಸುವುದು ವಯಸ್ಸು ಮತ್ತು ಮಲಗುವ ಜಾಗ.

ಮೂರರಿಂದ ಎಂಟು ವಾರದ ಮರಿಹುಂಜ, ಮಳೆಗಾಲ, ಮಂಕರಿಯಡಿ ಒದ್ದೆ ನೆಲ. ಇಷ್ಟು ಕೂಡಿದರೆ ಮೊದಲ ಅನುಮಾನ ರಕ್ತಭೇದಿಯ ಮೇಲೆ. ಐಮೀರಿಯಾ ಎಂಬ ಸೂಕ್ಷ್ಮಜೀವಿ ಕರುಳನ್ನು ಹರಿದು ರಕ್ತ ಸುರಿಸುತ್ತದೆ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಮೊಟ್ಟೆಗೆ ಬೆಚ್ಚನೆಯ ಒದ್ದೆ ನೆಲದಲ್ಲಿ ಒಂದೆರಡು ದಿನ ಸಿಕ್ಕರೆ ಸಾಕು, ಮುಂದಿನ ಮರಿಗೆ ಸಿದ್ಧವಾಗುತ್ತದೆ. ಒಣ ನೆಲದಲ್ಲಿ ಆಟ ನಡೆಯದು. ಹಾಗಾಗಿಯೇ ಒಣಸೀಮೆ ಎನ್ನಿಸಿಕೊಂಡ ಜಗಳೂರಿನಲ್ಲೂ ನಾಲ್ಕು ದಿನ ಜಡಿಮಳೆ ಹಿಡಿದ ಮೇಲೆ ಮರಿಗಳು ಮೂಲೆ ಸೇರುತ್ತವೆ. ಮರ ಹತ್ತಿ ಮಲಗುವ ನಾಟಿ ಹುಂಜಕ್ಕಿಂತ, ಮೈಭಾರಕ್ಕೆ ನೆಲ ಬಿಟ್ಟೇಳದ ಗಿರಿರಾಜದಂಥ ತಳಿಗೆ ಈ ಕಾಟ ಜಾಸ್ತಿ.

ಇದಕ್ಕೆ ಮದ್ದುಂಟು. ಆಂಪ್ರೋಲಿಯಂ ಶೇ. 20ರ ಪುಡಿಯಾದರೆ ಲೀಟರ್ ನೀರಿಗೆ ಸುಮಾರು 1.2 ಗ್ರಾಂ, 5ರಿಂದ 7 ದಿನ. ದಿನವೂ ಹೊಸದಾಗಿ ಕಲಸಬೇಕು, ಹಿತ್ತಲಲ್ಲಿ ಬೇರೆ ನೀರು ಸಿಗಬಾರದು. ಆ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ಟಾನಿಕ್ ಬೇಡ. ಬಿ-1 ವಿಟಮಿನ್ನಿನ ವೇಷ ಹಾಕಿಕೊಂಡು ಹೋಗಿ ಆ ಜೀವಿಯನ್ನು ಉಪವಾಸ ಕೆಡವುವುದೇ ಈ ಮದ್ದಿನ ಕೆಲಸ. ನೀವು ಅಸಲಿ ವಿಟಮಿನ್ ಸುರಿದರೆ ವೇಷ ವ್ಯರ್ಥ. ಅರಿಶಿನ, ಬೆಳ್ಳುಳ್ಳಿ ಕೊಟ್ಟರೆ ಕೆಡುಕಿಲ್ಲ, ಆದರೆ ಅವನ್ನೇ ನಂಬಿ ಮೂರು ದಿನ ಕಳೆದರೆ ಮರಿ ಉಳಿಯುವುದು ಕಷ್ಟ.

ಮೂರು ತಿಂಗಳು ದಾಟಿ ಕೂಗು ಕಲಿಯುತ್ತಿರುವ ಹುಂಜ ಕುಂಟಿದರೆ ಲೆಕ್ಕ ಬೇರೆ. ಕಾಲಿಗೆ ದಾರ ಕಟ್ಟಿದ್ದಿರಾ ಎಂದು ಮೊದಲು ಕೇಳುತ್ತೇನೆ. ಉಳುಕಿದ್ದರೆ ಗಂಟು ಬಿಸಿಯಾಗಿ ಊದಿರುತ್ತದೆ. ಊತವಿಲ್ಲ, ಪಾದದಡಿ ಬೆರಳಿಟ್ಟರೆ ಹುಂಜ ಹಿಡಿಯುವುದಿಲ್ಲ, ಒಂದು ಕಾಲು ಮುಂದಕ್ಕೆ ಇನ್ನೊಂದು ಹಿಂದಕ್ಕೆ ಚಾಚಿ ಬಿದ್ದಿದೆ ಎಂದರೆ ಅದು ಮಾರೆಕ್ಸ್ ರೋಗವಿದ್ದೀತು. ಹಂಗೆರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಕಾಲು, ರೆಕ್ಕೆ ಸೋತ ನಾಲ್ಕು ಹುಂಜಗಳನ್ನು ಕಂಡು ಬರೆದದ್ದರಿಂದ ಈ ಹೆಸರು. ಉದುರಿದ ಗರಿಯ ಹೊಟ್ಟಿನಲ್ಲಿ ಹರಡುವ ಈ ವೈರಸ್ಸು ನರದೊಳಗೆ ಗಡ್ಡೆ ಬೆಳೆಸುತ್ತದೆ. ಚಿಕಿತ್ಸೆ ಇಲ್ಲ. ಲಸಿಕೆ ಉಂಟು, ಆದರೆ ಅದು ಮೊಟ್ಟೆಯೊಡೆದ ದಿನವೇ ಹ್ಯಾಚರಿಯಲ್ಲಿ ಹಾಕುವಂಥದ್ದು. ಹಿತ್ತಲ ಹ್ಯಾಟೆ ಕಾವು ಕೂತು ತೆಗೆದ ಮರಿಗೆ ಅದನ್ನು ಹಾಕುವವರಿಲ್ಲ. ಇಂಥ ಹುಂಜಕ್ಕೆ ಕ್ಯಾಲ್ಸಿಯಂ, ಎಣ್ಣೆ ನೀವುವುದು ಎಂದು ದುಡ್ಡು ಸುರಿಯುವುದು ಬೇಡ ಎಂದು ಹೇಳುವುದೂ ರೋಗ ಗುರುತಿಸುವ ಕೆಲಸದ ಭಾಗವೇ.

ಇನ್ನು ಮಲಗುವ ಜಾಗ. ಬಿರುಕು ಬಿಟ್ಟ ಮಣ್ಣಿನ ಗೋಡೆ, ಹಳೇ ಮರದ ತೊಲೆ, ಬೇಸಿಗೆಯ ಒಣಹವೆ ಎಲ್ಲವೂ ಕೋಳಿ ಉಣ್ಣೆಗೆ ಹೇಳಿ ಮಾಡಿಸಿದ್ದು. ಆರ್ಗಸ್ ಎಂಬ ಈ ಚಪ್ಪಟೆ ಉಣ್ಣೆ ದನದ ಉಣ್ಣೆಯ ಹಾಗೆ ಮೈಗೆ ಅಂಟಿಕೊಂಡಿರುವುದಿಲ್ಲ. ಹಗಲು ಗೋಡೆಯ ಸಂದಿಯಲ್ಲಿ ಅಡಗಿ, ರಾತ್ರಿ ಇಳಿದು ಅರ್ಧ ಗಂಟೆ ರಕ್ತ ಹೀರಿ ಮತ್ತೆ ಸಂದಿ ಸೇರುತ್ತದೆ. ಹಗಲು ಹುಂಜದ ಮೈಯೆಲ್ಲ ಕೆದಕಿದರೂ ಸಿಗುವುದು ರೆಕ್ಕೆಯಡಿ ಕಚ್ಚಿ ಕೂತ ಸಣ್ಣ ಮರಿ ಉಣ್ಣೆಗಳು ಮಾತ್ರ. ಟಾರ್ಚು ಹಿಡಿದು ರಾತ್ರಿ ಗೂಡು ನೋಡಿದವರಿಗೇ ಕಳ್ಳ ಸಿಗುವುದು. ಜುಟ್ಟು ದಿನೇ ದಿನೇ ಬಿಳಿಚಿಕೊಳ್ಳುತ್ತಿದ್ದರೆ ಜಂತಿನ ಜೊತೆಗೆ ಈ ಉಣ್ಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರಕ್ತ ಹೋದದ್ದಷ್ಟೇ ಆದರೆ ಹುಂಜ ಚೇತರಿಸಿಕೊಂಡೀತು. ಉಣ್ಣೆ ಬೊರೇಲಿಯಾ ಎಂಬ ಸುರುಳಿ ಬ್ಯಾಕ್ಟೀರಿಯಾವನ್ನೂ ದಾಟಿಸಿದರೆ ಜ್ವರ, ಬಾಯಾರಿಕೆ, ಹಸಿರು ಹಿಕ್ಕೆ, ಕಾಲು ಸೋಲುವುದು ಎಲ್ಲ ಒಟ್ಟಿಗೇ ಬರುತ್ತವೆ. ನೋಡಿದವರು ಕೊಕ್ಕರೆ ರೋಗ (ರಾಣಿಖೇತ್) ಎಂದು ಕೈಚೆಲ್ಲುತ್ತಾರೆ. ಆದರೆ ಇದು ಪೆನಿಸಿಲಿನ್‌ಗೆ ಬಗ್ಗುವ ಕಾಯಿಲೆ, ವೈದ್ಯರ ಒಂದು ಸೂಜಿ ಹುಂಜವನ್ನು ಎಬ್ಬಿಸಿ ನಿಲ್ಲಿಸಬಲ್ಲದು. ಮಲಗುವ ಜಾಗ ಕೇಳದೆ ಹೋದರೆ ಬದುಕುವ ಹುಂಜವೂ ಸಾಯುತ್ತದೆ. ಗೋಡೆಯ ಸಂದಿ ಮೆತ್ತಿ ಸುಣ್ಣ ಬಳಿಯದೆ ಬರೀ ಹುಂಜಕ್ಕೆ ಮದ್ದು ಮಾಡಿದರೆ ಅರ್ಧ ಕೆಲಸ. ಈ ಉಣ್ಣೆ ತಿಂಗಳುಗಟ್ಟಲೆ ಉಪವಾಸ ಕೂತು ಕಾಯಬಲ್ಲದು.

ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಹುಂಜವನ್ನು ಕಂಕುಳಿಗೆ ತೆಗೆದುಕೊಳ್ಳಿ. ಎದೆಯ ನಡುವಿನ ಮೂಳೆಯ ಮೇಲೆ ಬೆರಳಾಡಿಸಿ. ‘ನಿನ್ನೆಯಿಂದ ಮೇವು ಮುಟ್ಟಿಲ್ಲ ಕಣಣ್ಣ’ ಎನ್ನುತ್ತಾರೆ ಮನೆಯವರು. ಆ ಮೂಳೆ ಚಾಕುವಿನಂತೆ ಚೂಪಾಗಿ ಕೈಗೆ ಸಿಕ್ಕರೆ ಕಾಯಿಲೆ ನಿನ್ನೆಯದಲ್ಲ, ವಾರಗಳಿಂದ ಒಳಗೇ ತಿನ್ನುತ್ತಿದೆ. ಜಂತು, ಉಣ್ಣೆ, ಮಾರೆಕ್ಸ್ ಈ ಸಾಲಿನವು. ಮೂಳೆಯ ಎರಡೂ ಬದಿ ಮಾಂಸ ತುಂಬಿಕೊಂಡಿದ್ದು ಹುಂಜ ಬಿದ್ದಿದೆ ಎಂದರೆ ಅದು ಹಠಾತ್ ಬಂದ ಸೋಂಕು ಅಥವಾ ವಿಷ. ಬೆಳಗ್ಗೆ ಮೇವು ಹಾಕುವ ಮುಂಚೆ ಕತ್ತಿನ ಬುಡದ ಚೀಲ ಮುಟ್ಟಿ. ಖಾಲಿ ಇರಬೇಕು. ರಾತ್ರಿಯ ಮೇವು ಇನ್ನೂ ಗಟ್ಟಿಯಾಗಿ ಕೂತಿದ್ದರೆ ನಾರು, ದಾರ ಏನೋ ಸಿಕ್ಕಿಕೊಂಡಿದೆ. ಹಿಕ್ಕೆಯಲ್ಲಿ ಎಂಟು ಹತ್ತಕ್ಕೊಮ್ಮೆ ಬೀಳುವ ಕಂದುಬಣ್ಣದ ಅಂಟು ಹಿಕ್ಕೆ ಕಂಡು ಹೆದರಬೇಡಿ, ಅದು ಸಹಜ. ಹಸಿರು ಹಿಕ್ಕೆ ಒಂದರಿಂದಲೇ ರೋಗದ ಹೆಸರು ಹೇಳಲಾಗದು. ಹೊಟ್ಟೆಗೆ ಏನೂ ಬಿದ್ದಿಲ್ಲ, ಬರೀ ಪಿತ್ತ ಇಳಿಯುತ್ತಿದೆ ಎಂದಷ್ಟೇ ಅದರ ಅರ್ಥ.

ಮೇವನ್ನೂ ಒಮ್ಮೆ ಮೂಸಿ ನೋಡಿ. ಮೆಕ್ಕೆಜೋಳದ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಬೂಷ್ಟು ಬಂದ ಕಾಳನ್ನು ಮಾರಲಾಗದೆ ಕೋಳಿಗೆ ಹಾಕುವುದುಂಟು. ಬೂಷ್ಟಿನ ಅಫ್ಲಟಾಕ್ಸಿನ್ ಯಕೃತ್ತನ್ನು ಕೆಡಿಸಿ ರೋಗ ತಡೆಯುವ ಶಕ್ತಿಯನ್ನೇ ಇಳಿಸುತ್ತದೆ. ಆಮೇಲೆ ಹಾಕಿದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ.

ಲಸಿಕೆ ಎಂದರೆ ಕೊಕ್ಕರೆ ರೋಗದ ಮಾತು ಬರಲೇಬೇಕು. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡ ಈ ರೋಗ ಅದೇ ದಶಕದ ಕೊನೆಗೆ ಕುಮಾವೂ ಬೆಟ್ಟದ ರಾಣಿಖೇತ್‌ನಲ್ಲಿ ಪತ್ತೆಯಾಗಿ ಆ ಊರಿನ ಹೆಸರು ಹೊತ್ತುಕೊಂಡಿತು. ನಾವಿಂದು ಬೆಳೆದ ಕೋಳಿಗೆ ಹಾಕಿಸುವ ಆರ್-2-ಬಿ ಲಸಿಕೆ ಹುಟ್ಟಿದ್ದೂ ಅದೇ ಬೆಟ್ಟಸಾಲಿನ ಮುಕ್ತೇಶ್ವರದಲ್ಲಿ. ರೋಗ ಹಿಡಿದರೆ ಏದುಸಿರು, ಹಸಿರು-ಬಿಳಿ ಭೇದಿ, ಆಮೇಲೆ ಕತ್ತು ತಿರುಚುವುದು. ಲಸಿಕೆ ಕಾಣದ ಹಿಂಡಿಗೆ ಹಿಂಡೇ ಹೋಗಬಹುದು. ವೈರಸ್ಸಿಗೆ ಆ್ಯಂಟಿಬಯೊಟಿಕ್ ತಾಗದು.

ಇದು ಊರೂರು ಸುತ್ತುವುದು ಹುಂಜದ ಜೊತೆಗೇ. ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಿರಲಿ, ಹಳ್ಳಿಯ ಮಾರಿಹಬ್ಬವಿರಲಿ, ಹುಂಜಕ್ಕೆ ಬೆಲೆ ಬಂದಾಗ ಸಂತೆಯಲ್ಲಿ ಕೈ ಬದಲಾಗುವುದು ಹೆಚ್ಚು. ಹಿಂಡಿನಲ್ಲಿ ಒಂದು ಸತ್ತದ್ದೇ ಉಳಿದವನ್ನು ಬಂದ ಬೆಲೆಗೆ ಮಾರುವವರಿದ್ದಾರೆ. ಸಂತೆಯಿಂದ ತಂದದ್ದನ್ನು ಎರಡು ಮೂರು ವಾರ ಬೇರೆಯೇ ಇಡಿ. ಒಟ್ಟಿಗೆ ನಾಲ್ಕಾರು ಸತ್ತರೆ ಕೊಯ್ದು ನೋಡಬೇಡಿ, ಸಾರಿಗೆ ಹಾಕಬೇಡಿ, ಪಶು ಆಸ್ಪತ್ರೆಗೋ 1962ಕ್ಕೋ ತಿಳಿಸಿ. 2020ರ ಮಾರ್ಚಿನಲ್ಲಿ ಪಕ್ಕದ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಖಚಿತವಾದದ್ದು ನೆನಪಿರಲಿ.

ಹಿತ್ತಲಲ್ಲಿ ಹನ್ನೆರಡು ಕೋಳಿ ಸಾಕುವವರು ಲಸಿಕೆ ಹಾಕಿಸದಿರಲು ಸೋಮಾರಿತನ ಒಂದೇ ಕಾರಣವಲ್ಲ. ಸೀಸೆ ಬರುವುದೇ ನೂರು ಇನ್ನೂರು ಕೋಳಿಯ ಲೆಕ್ಕದಲ್ಲಿ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಹನ್ನೆರಡಕ್ಕಾಗಿ ನೂರು ಒಡೆಯಲು ಯಾರಿಗೂ ಮನಸ್ಸು ಬಾರದು. ಹಾಗಾಗಿ ಇದು ಒಬ್ಬೊಬ್ಬರು ಮಾಡುವ ಕೆಲಸವಲ್ಲ, ಕೇರಿಯವರು ಕೂಡಿ ಮಾಡಬೇಕಾದದ್ದು. ಜಾತ್ರೆಗೆ ನಾಲ್ಕು ವಾರ ಇರುವಾಗ ಎಂಟು ವಾರ ದಾಟಿದ ಕೋಳಿಗಳಿಗೆಲ್ಲ ಜಂತಿನ ಔಷಧಿ ಕೊಡಿ. ವಾರ ಬಿಟ್ಟು, ಬಿಸಿಲೇರುವ ಮುಂಚೆ ಇಡೀ ಕೇರಿಯ ಕೋಳಿಗಳನ್ನು ಒಂದೇ ಬೆಳಗ್ಗೆ ಹಿಡಿದು ಒಂದೇ ಸೀಸೆ ಒಡೆಯಿರಿ. ತೂಕಡಿಸುತ್ತಿರುವುದಕ್ಕೆ ಅಂದು ಲಸಿಕೆ ಬೇಡ, ಅದನ್ನು ಬೇರೆ ಇಡಿ. ನಿಮ್ಮ ಹುಂಜಕ್ಕೆ ಹಾಕಿಸಿ ಪಕ್ಕದ ಮನೆಯದನ್ನು ಬಿಟ್ಟರೆ, ಮುಂದಿನ ತಿಂಗಳು ನಿಮ್ಮ ಹ್ಯಾಟೆ ತೆಗೆಯುವ ಹೊಸ ಮರಿಗಳಿಗೆ ರೋಗ ಬರುವುದು ಆ ಬೇಲಿ ದಾಟಿಯೇ.